ಉಕ್ಕಿನ ಬಳೆ

ನನ್ನ ಕೆಲಸ ಹಿಟ್ಟು ಮಾಡುವುದು. ಹೀಗೆಂದರೆ ಜನ ನನ್ನನ್ನು ಗಿರಣಿಯವನು ಅಂದುಕೊಳ್ಳುತ್ತಾರೆ. ಮನೆಯಿಂದ ಕಾಳಿನ ಡಬ್ಬಿ ತರಲೇ ಎಂದು ಕೇಳಿದವರೂ ಇದ್ದಾರೆ. ಅದಲ್ಲ. ಬೆಳೆ ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ, ಬೀಜದ ಗೋದಾಮಿಗೆ ಅಂಟಿಕೊಂಡಂತೆ ಒಂದು ಕೋಣೆಯಿದೆ. ಬಾಗಿಲ ಮೇಲೆ ‘ಮಾದರಿ ಸಿದ್ಧತಾ ಘಟಕ’ ಎಂದು ದೊಡ್ಡದಾಗಿ ಬರೆದಿದ್ದರೂ ಎಲ್ಲರ ಬಾಯಲ್ಲಿ ಅದು ಹಿಟ್ಟಿನ ಕೋಣೆ. ಹೊಲದಿಂದ ಬಂದ ಕಾಳನ್ನು ತೊಳೆದು, ಒಣಗಿಸಿ, ತೂಗಿ, ಒಂದು ಪುಟ್ಟ ಯಂತ್ರದಲ್ಲಿ ನುಣ್ಣಗೆ ಅರೆದು, ಡಬ್ಬಿಗೆ ತುಂಬಿ, ಚೀಟಿ ಅಂಟಿಸಿ ಪರೀಕ್ಷೆಯ ಕೋಣೆಗೆ ಕಳಿಸುವುದು ನನ್ನ ಪಾಲಿಗೆ ಬಂದ ವಿಜ್ಞಾನ. ಮೂವತ್ತೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಸಂಜೆ ಮನೆಗೆ ಹೊರಡುವಾಗ ಹುಬ್ಬು ಬೆಳ್ಳಗಾಗಿರುತ್ತದೆ. ಈಗೀಗ ತೊಳೆದರೂ ಬೆಳ್ಳಗೇ ಇರುತ್ತದೆ, ಆ ಮಾತು ಬೇರೆ.

ಕೇಂದ್ರದಲ್ಲಿ ನನ್ನನ್ನು ಹಿಟ್ಟಿನ ಮಾಮ ಅನ್ನುತ್ತಾರೆ. ಮಾಮ ಎಂದು ಮೊದಲು ಕರೆದವಳು ಪುಟ್ಟಿ, ನನ್ನ ಅಕ್ಕನ ಮಗಳು. ಭಾವ ತೀರಿಕೊಂಡಾಗ ಅವಳಿಗೆ ಆರು ವರ್ಷ. ಆಗ ಅಕ್ಕನ ಮನೆಯ ಹಿಂದಿನ ಕೋಣೆಗೆ ನನ್ನ ಟ್ರಂಕು ತಂದಿಟ್ಟವನು ಇನ್ನೂ ಅದನ್ನು ಎತ್ತಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, ಮರೆತುಹೋಯಿತು ಅನ್ನುತ್ತೇನೆ. ಪುಟ್ಟಿಗೆ ಸೈಕಲ್ ಕಲಿಸಿದವನು ನಾನು, ಲೆಕ್ಕದಲ್ಲಿ ಫೇಲಾದಾಗ ಅಕ್ಕನಿಗೆ ಗೊತ್ತಾಗದಂತೆ ಸಹಿ ಹಾಕಿದವನೂ ನಾನು. ಅದೇ ಪುಟ್ಟಿ ಈಗ ಇದೇ ಕೇಂದ್ರದಲ್ಲಿ ವಿಜ್ಞಾನಿ. ಎಲ್ಲರೆದುರು ನಾನು ಅವಳಿಗೆ ಮೇಡಂ ಅನ್ನಬೇಕು, ಅವಳು ನನಗೆ ನೀವು ಅನ್ನಬೇಕು. ಹಾಗಂದಾಗಲೆಲ್ಲ ಇಬ್ಬರಿಗೂ ನಗು ಬರುತ್ತದೆ.

ಅವಳು ಹಿಡಿದ ಕೆಲಸ ಗೋಧಿಯದು. ಗೋಧಿಯಲ್ಲಿ ಕಬ್ಬಿಣದ ಅಂಶ ಕಡಿಮೆ. ಅದನ್ನೇ ತಿಂದು ಬದುಕುವವರ ಮೈಯಲ್ಲಿ ರಕ್ತ ಕಡಿಮೆ. ಬೀನ್ಸ್ ಗಿಡಕ್ಕೆ ಕಬ್ಬಿಣವನ್ನು ಕಾಳಿನಲ್ಲಿ ಕೂಡಿಡುವ ಒಂದು ಗುಣವಿದೆ. ಆ ಗುಣದ ವಂಶವಾಹಿಯನ್ನು ತೆಗೆದು ಗೋಧಿಯೊಳಗೆ ಸೇರಿಸಿದ್ದಳು. ಇಷ್ಟನ್ನು ಬರೆಯಲು ನನಗೆ ಒಂದು ನಿಮಿಷ ಸಾಕಾಯಿತು, ಅದನ್ನು ಮಾಡಲು ಅವಳಿಗೆ ಆರು ವರ್ಷ ಹಿಡಿಯಿತು. ನಾನು ಕ್ಷೌರ ಮಾಡಿಸಿಕೊಳ್ಳುವ ಅಂಗಡಿಯವನಂತೂ ಕತ್ತರಿ ಆಡಿಸುತ್ತ, “ನಿಮ್ಮ ಹುಡುಗಿ ಗೋಧಿಗೆ ಬೀನ್ಸ್ ತುಂಬ್ತಾಳಂತಲ್ಲ, ತಿಂದವರಿಗೆ ಬಳ್ಳಿ ಹಬ್ಬಲ್ವಾ?” ಎಂದು ಕೇಳಿದ್ದ. ಕೆನ್ನೆಯ ಮೇಲೆ ಅವನ ಕತ್ತಿ ಇದ್ದುದರಿಂದ ನಾನು ಬಾಯಿ ಬಿಡಲಿಲ್ಲ. ಇಲ್ಲದಿದ್ದರೆ ಸರಿಯಾಗಿ ಹೇಳಿಬರುತ್ತಿದ್ದೆ.

ಪುಟ್ಟಿ ಈ ಕೆಲಸಕ್ಕೆ ಕೈ ಹಾಕಿದ್ದರ ಮೂಲ ಅಕ್ಕ. ಅಕ್ಕನಿಗೆ ಮೊದಲಿನಿಂದಲೂ ರಕ್ತ ಕಡಿಮೆ. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾಳೆ. ಒಮ್ಮೆ ಒಲೆಯ ಮುಂದೆಯೇ ತಲೆಸುತ್ತಿ ಬಿದ್ದು ಮೊಣಕೈ ಸುಟ್ಟುಕೊಂಡಿದ್ದಳು. ಡಾಕ್ಟರು ಕೊಡುವ ಕಬ್ಬಿಣದ ಗುಳಿಗೆ ಅವಳ ಹೊಟ್ಟೆಗೆ ಆಗಿಬರುವುದಿಲ್ಲ. ಮುಖ ಹಿಂಡಿಕೊಂಡೇ ನುಂಗುತ್ತಾಳೆ. ದಿನವೂ ಹೇಗಿದ್ದರೂ ತಿನ್ನುವ ಅನ್ನಾಹಾರದಲ್ಲೇ ಇದು ಬಂದುಬಿಟ್ಟರೆ ಗುಳಿಗೆ ಯಾಕೆ ಬೇಕು ಎಂದು ಪುಟ್ಟಿ ಕಾಲೇಜಿನ ದಿನಗಳಲ್ಲೇ ಕೇಳುತ್ತಿದ್ದಳು.

ಪರವಾನಗಿ ಕೊಡುವ ಸಮಿತಿಯೊಂದಿದೆ. ಅವರ ಲೆಕ್ಕ ಸರಳ: ಒಂದು ಕಿಲೋ ಹಿಟ್ಟಿನಲ್ಲಿ ಐವತ್ತು ಮಿಲಿಗ್ರಾಮಾದರೂ ಕಬ್ಬಿಣ ಇದ್ದರೆ ಮುಂದಿನ ಮಾತು, ಇಲ್ಲವಾದರೆ ಹೋಗಿ ಬನ್ನಿ. ಸಾದಾ ಗೋಧಿಯಲ್ಲಿ ಇರುವುದು ಮೂವತ್ತೊಂದು. ಆ ಸಲದ ಸುಗ್ಗಿಯಲ್ಲಿ ಪುಟ್ಟಿಯ ಗೋಧಿ ಐವತ್ತೆಂಟು ತೋರಿಸಿತು. ಇಡೀ ಕೇಂದ್ರಕ್ಕೆ ಸಿಹಿ ಹಂಚಿದವನು ನಾನೇ. ನಿರ್ದೇಶಕರು ಎರಡು ತುಂಡು ತೆಗೆದುಕೊಂಡರು.

ಇನ್ನು ಆ ಐವತ್ತೆಂಟು ಎಲ್ಲಿಂದ ಬಂತು ಎಂದು ಹೇಳುತ್ತೇನೆ.

ನಮ್ಮ ಅರೆಯುವ ಯಂತ್ರದ ಹೊಟ್ಟೆಯಲ್ಲಿ ಒಂದು ಬಳೆ ಇದೆ. ಕೈಬಳೆಗಿಂತ ಸ್ವಲ್ಪ ದೊಡ್ಡದು, ಪಿಂಗಾಣಿಯದು, ಹಾಲಿನಂಥ ಬಿಳಿ. ಕಾಳು ಅದಕ್ಕೆ ಬಡಿದು ಪುಡಿಯಾಗುತ್ತದೆ. ಹಿಂದೆ ಅಲ್ಲಿ ಉಕ್ಕಿನ ಬಳೆಯೇ ಇತ್ತು. ಕಬ್ಬಿಣದ ಅಂಶ ಅಳೆಯುವ ಕೆಲಸ ಶುರುವಾದ ಮೇಲೆ ಪುಟ್ಟಿಯೇ ಹಠ ಹಿಡಿದು ಪಿಂಗಾಣಿಯದು ತರಿಸಿದಳು. ಇನ್ನೊಂದು ಪದ್ಧತಿಯೂ ನಮ್ಮಲ್ಲಿದೆ. ಮೊದಲು ಸಾದಾ ಗೋಧಿಯನ್ನೆಲ್ಲ ಅರೆದು ಮುಗಿಸಬೇಕು, ವಂಶವಾಹಿ ಸೇರಿಸಿದ್ದು ಆಮೇಲೆ. ಹೊಸ ಗೋಧಿಯ ಧೂಳು ಸಾದಾ ಗೋಧಿಗೆ ಸೇರಬಾರದು ಎಂಬುದಕ್ಕೆ ಈ ಮಡಿ.

ಆ ಸಲ ಸಾದಾ ಗೋಧಿಯ ಚೀಲಗಳನ್ನೆಲ್ಲ ಮುಗಿಸಿದ್ದೆ. ಯಂತ್ರ ಬಿಚ್ಚಿ ಒರೆಸುವಾಗ ಬಿಳಿ ಬಳೆ ಕೈಜಾರಿ ಕಲ್ಲುನೆಲದ ಮೇಲೆ ಬಿದ್ದು ಮೂರು ತುಂಡಾಯಿತು. ಹೊಸದು ತರಿಸಲು ಮೂರು ವಾರ ಬೇಕು ಅಂದರು. ಪುಟ್ಟಿ ತನ್ನ ಅಂಕಿಗಳನ್ನು ಕೊಡಬೇಕಾದ ದಿನಕ್ಕೆ ಇನ್ನು ಹತ್ತೇ ದಿನವಿತ್ತು. ಗೋಡೆಯ ಉದ್ದಕ್ಕೂ ಅವಳ ಚೀಲಗಳು ಸಾಲಾಗಿ ಕೂತಿದ್ದವು, ಒಂದೊಂದರ ಮೇಲೂ ಅವಳದೇ ಅಕ್ಷರ. ನಾನು ಮೂರು ತುಂಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು, ಎರಡು ಬೀದಿ ದಾಟಿ, ಲೇತ್ ಮೆಷೀನಿನವನ ಹತ್ತಿರ ಹೋದೆ. ಅದೇ ಅಳತೆಯಲ್ಲಿ ಉಕ್ಕಿನ ಬಳೆಯೊಂದನ್ನು ಅವನು ಕಡೆದುಕೊಟ್ಟ. “ಕ್ರೋಮಿಯಂ ಹಾಕಿದ ಉಕ್ಕು ಇದು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಕ್ಕು ಹಿಡಿಯಲ್ಲ” ಅಂದ. ಮೊಮ್ಮಕ್ಕಳ ವಿಷಯ ಬಿಡು ಮಹರಾಯ ಅಂದೆ. ಅಂಚು ಎಷ್ಟು ಹರಿತವಾಗಿತ್ತೆಂದರೆ ಯಂತ್ರಕ್ಕೆ ಕೂರಿಸುವಾಗ ನನ್ನ ಹೆಬ್ಬೆರಳು ಕೊಯ್ದಿತು.

ನಾನೇನು ದಡ್ಡನಲ್ಲ. ಕಬ್ಬಿಣ ಸೋಕಬಾರದು ಎಂದು ಅವಳು ಹೇಳಿದ್ದು ನೆನಪಿತ್ತು. ಆದರೆ ತುಕ್ಕೇ ಹಿಡಿಯದ ಉಕ್ಕಿನಿಂದ ಕಬ್ಬಿಣ ಎಲ್ಲಿ ಬಿಡುತ್ತದೆ? ಸ್ಟೀಲಿನ ತಟ್ಟೆಯಲ್ಲಿ ಉಂಡವರ ಹೊಟ್ಟೆಗೆ ತಟ್ಟೆಯೂ ಹೋಗುತ್ತದೆಯೇ? ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡು ಅವಳ ಅಷ್ಟೂ ಚೀಲ ಅರೆದು ಕಳಿಸಿದೆ. ಹೊಸ ಬಿಳಿ ಬಳೆ ಬಂದಾಗ ಅದನ್ನು ಹಾಕಿ, ಉಕ್ಕಿನದನ್ನು ಮೇಜಿನ ಖಾನೆಗೆ ಸೇರಿಸಿದೆ. ಯಂತ್ರದಲ್ಲಿ ಒಂದು ಮೊಳೆ ಬದಲಾಯಿಸಿದರೂ ರಿಜಿಸ್ಟರಿನಲ್ಲಿ ಬರೆಯುವುದು ನಿಯಮ. ಇದನ್ನು ಮಾತ್ರ ಬರೆಯಲಿಲ್ಲ.

ಎರಡು ತಿಂಗಳು ಕಳೆದವು. ಅರ್ಜಿ ಸಿದ್ಧವಾಯಿತು, ಆ ವಾರದ ಶುಕ್ರವಾರ ಸಮಿತಿಗೆ ಹೋಗಬೇಕು. ಮಂಗಳವಾರ ಬೆಳಿಗ್ಗೆ ಪರೀಕ್ಷೆಯ ಕೋಣೆಯವನು ಚಹದ ಲೋಟ ಹಿಡಿದು ನನ್ನ ಬಾಗಿಲಿಗೆ ಬಂದು ನಿಂತ. ಅವನನ್ನು ನಾವು ದಶಾಂಶ ಅನ್ನುತ್ತೇವೆ. ಯಾವ ಅಂಕಿಯನ್ನೂ ಅವನು ಪೂರ್ತಿ ಮಾಡಿ ಹೇಳುವವನಲ್ಲ. ಮಕ್ಕಳೆಷ್ಟು ಎಂದು ಕೇಳಿದರೆ ಎರಡು ದಶಾಂಶ ಸೊನ್ನೆ ಸೊನ್ನೆ ಅಂದಾನು ಎಂದು ನಮ್ಮ ತಮಾಷೆ.

“ಹಿಟ್ಟಿನ ಮಾಮ, ಕೈ ಖಾಲಿ ಇತ್ತು ಅಂತ ಹಳೇ ಹಾಳೆಗಳನ್ನ ತಿರುವಿ ಹಾಕ್ತಿದ್ದೆ. ನಮ್ಮ ಮೆಷೀನು ಬೇಡ ಅಂದ್ರೂ ಇಪ್ಪತ್ತು ಧಾತು ಅಳೆದು ಕೊಡುತ್ತೆ, ನಾವು ನೋಡೋದು ಎರಡೇ. ನಿಮ್ಮ ಹುಡುಗಿ ಗೋಧಿ ಕಬ್ಬಿಣದ ಜೊತೆ ಕ್ರೋಮಿಯಂ ಬೇರೆ ತುಂಬ್ಕೊಂಡಿದೆ. ನಾಲ್ಕು ದಶಾಂಶ ಆರು ಒಂದು. ಹೀಗೇ ಬಿಟ್ರೆ ಬರೋ ವರ್ಷ ತೆನೆಯಲ್ಲಿ ಚಮಚ ಬಿಡುತ್ತೆ.”

“ಸಾದಾ ಗೋಧಿಯಲ್ಲಿ ಎಷ್ಟಿದೆ?” ಎಂದೆ.

“ಅದ್ರಲ್ಲಿ ಇಲ್ಲವೇ ಇಲ್ಲ ಅನ್ನಿ. ಸೊನ್ನೆ ದಶಾಂಶ ಸೊನ್ನೆ ನಾಲ್ಕು. ಹೊಲದ ಧೂಳೇನಾದ್ರೂ ಸೇರಿರುತ್ತೆ ಬಿಡಿ.” ಚಹ ಮುಗಿಸಿ ಹೊರಟುಹೋದ.

ಬಾಗಿಲು ಹಾಕಿಕೊಂಡು ಖಾನೆ ಎಳೆದು ಉಕ್ಕಿನ ಬಳೆ ಹೊರತೆಗೆದೆ. ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ, ಹೊಸದರಂತೆಯೇ ಹೊಳೆಯುತ್ತಿತ್ತು. ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದೆ. ಒಂದು ಸುತ್ತು, ಮತ್ತೊಂದು ಸುತ್ತು. ಎರಡು ತಿಂಗಳ ಹಿಂದೆ ಬೆರಳು ಕೊಯ್ದ ಅಂಚು ಈಗ ನುಣ್ಣಗೆ ಜಾರುತ್ತಿತ್ತು. ಸವೆದ ಅಷ್ಟೂ ಉಕ್ಕು ಹೋಗಿದ್ದು ಪುಟ್ಟಿಯ ಹಿಟ್ಟಿಗೆ. ಐವತ್ತೆಂಟರಲ್ಲಿ ಅವಳ ಗೋಧಿಯದೆಷ್ಟು, ಲೇತ್ ಮೆಷೀನಿನವನದೆಷ್ಟು ಎಂದು ದೇವರಿಗೂ ಗೊತ್ತಿರಲಿಲ್ಲ.

ಕುರ್ಚಿಯ ಮೇಲೆ ಕೂತೆ. ನಾಚಿಕೆ, ಭಯ ಎರಡೂ ಆಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮುಖ ಕಣ್ಣ ಮುಂದೆ ಬಂತು. ಆರು ವರ್ಷ. ಗಾಜಿನ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಬೆವರು ಸುರಿಸಿಕೊಂಡು ಒಂದೊಂದೇ ಸಸಿ ನೋಡಿದ ಹುಡುಗಿ. ಸಂಬಂಧ ನೋಡಲು ಬಂದವರಿಗೆ ತೆನೆ ಬಲಿಯಲಿ ಆಮೇಲೆ ಅಂದ ಹುಡುಗಿ.

ಹೇಳಬೇಕು ಎಂದು ಆ ಕ್ಷಣವೇ ಗೊತ್ತಿತ್ತು. ಆದರೂ ಮಂಗಳವಾರ ಇಡೀ ದಿನ ತುಟಿ ಪಿಟಕ್ಕೆನ್ನಲಿಲ್ಲ. ಬುಧವಾರವೂ ಇಲ್ಲ. ಮನಸ್ಸು ಎಂಥೆಂಥ ವಕೀಲಿಕೆ ಮಾಡುತ್ತದೆ ನೋಡಿ. ಬರೀ ಉಕ್ಕಿನಿಂದ ಅಷ್ಟೊಂದು ಬರಲಿಕ್ಕಿಲ್ಲ ಎಂದಿತು. ಸಮಿತಿಯವರು ಹೇಗೂ ಇನ್ನೊಮ್ಮೆ ಪರೀಕ್ಷಿಸುತ್ತಾರೆ, ಆಗ ಗೊತ್ತಾದರೆ ಆಗಲಿ ಎಂದಿತು. ಇನ್ನು ಎರಡು ವರ್ಷಕ್ಕೆ ನಿನಗೆ ನಿವೃತ್ತಿ, ಈಗ ಯಾಕೆ ಮುಖಕ್ಕೆ ಮಸಿ ಬಳಿದುಕೊಳ್ಳುತ್ತೀಯ ಎಂದೂ ಅಂದಿತು. ಎಲ್ಲವನ್ನೂ ಕೇಳಿಸಿಕೊಂಡೆ.

ಬುಧವಾರ ಊಟಕ್ಕೆ ಕೂತಾಗ ಪುಟ್ಟಿ ಇನ್ನೂ ಬಂದಿರಲಿಲ್ಲ. ನಾನು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದೆ. ಅಕ್ಕ ಕಿಟಕಿಯ ಹಲಗೆಯಿಂದ ಗುಳಿಗೆಯ ಪಟ್ಟಿ ತೆಗೆದು, ಒಂದನ್ನು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನೋಡಿದಳು.

“ಇದು ಮುಗಿದ ಮೇಲೆ ಇನ್ನು ತರಬೇಡ ಕಣೋ. ಪುಟ್ಟಿ ಗೋಧಿ ಬರುತ್ತಲ್ಲ. ಐವತ್ತೆಂಟು ಅಂದ್ರೆ ಜಾಸ್ತಿನೇ ಅಲ್ವಾ? ಪಕ್ಕದ ಮನೆ ಬಸುರಿ ಹುಡುಗಿಗೂ ಹೇಳಿದ್ದೀನಿ, ಸ್ವಲ್ಪ ದಿನ ತಡ್ಕೋ, ಈ ಹಾಳು ಗುಳಿಗೆ ನುಂಗೋ ಕಷ್ಟ ಇರಲ್ಲ ಅಂತ.”

ನಾನು ತಲೆ ಎತ್ತಿದೆ. ಅವಳ ಕಣ್ಣಿನ ಕೆಳರೆಪ್ಪೆ ಕಾಗದದಷ್ಟು ಬಿಳಿಚಿತ್ತು. ಅದುವರೆಗೆ ನನ್ನ ಲೆಕ್ಕದಲ್ಲಿ ಇದ್ದವರು ನಾನು ಮತ್ತು ಪುಟ್ಟಿ, ಇಬ್ಬರೇ. ಅಕ್ಕನಂಥವರು ಆ ಹಿಟ್ಟನ್ನು ನಂಬಿ ಗುಳಿಗೆ ಬಿಡುತ್ತಾರೆ, ಹಿಟ್ಟಿನಲ್ಲಿ ಇರಬೇಕಾದ್ದು ಇರುವುದಿಲ್ಲ, ಅವರು ಗೋಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಾರೆ ಎಂಬುದು ಆಗ ನನ್ನ ಮಂಡೆಗೆ ಹೊಳೆಯಿತು. ಹೊಳೆಯಲು ಎರಡು ದಿನ ಹಿಡಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

“ಏನಾಯ್ತೋ? ಹೇಳೋದಿದ್ರೆ ಹೇಳು, ಇಲ್ಲಾ ಊಟ ಮಾಡು” ಎಂದಳು ಅಕ್ಕ.

“ಹೇಳೋದಿದೆ. ನಿನಗಲ್ಲ” ಎಂದು ಎದ್ದು ಕೈ ತೊಳೆದುಕೊಂಡೆ. “ಗುಳಿಗೆ ಮಾತ್ರ ನಿಲ್ಲಿಸಬೇಡ. ಆ ಹುಡುಗಿಗೂ ಹೇಳು.”

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪುಟ್ಟಿಯ ಕೋಣೆಗೆ ಹೋದೆ. ಅವಳು ಕಿಟಕಿಯ ಹತ್ತಿರ ಸಸಿಗಳ ತಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಮೇಜಿನ ಮೇಲೆ ಅರ್ಜಿ ಇತ್ತು, ದಪ್ಪ ಕಟ್ಟು, ನೀಲಿ ರಟ್ಟು. ಅದರ ಪಕ್ಕದಲ್ಲಿ ಬಳೆ ಇಟ್ಟೆ. ಅಡ್ಡಗೋಡೆಯ ಮೇಲೆ ದೀಪ ಇಡದೆ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ: ಒಡೆದದ್ದು, ಕಡೆಸಿದ್ದು, ಕ್ರೋಮಿಯಂ, ಸವೆದ ಅಂಚು. ಹೇಳಿ ಮುಗಿದ ಮೇಲೆ ಅವಳು ನೀರಿನ ಬಾಟಲಿ ಕೆಳಗಿಟ್ಟು, ಬಳೆಯನ್ನು ಕೈಗೆ ತೆಗೆದುಕೊಂಡಳು.

“ಇದನ್ನ ಹಾಕಿದ್ದು ಯಾವ ಚೀಲದಿಂದ?”

“ನಿನ್ನ ಮೊದಲನೇ ಚೀಲದಿಂದ. ಸಾದಾ ಎಲ್ಲ ಮುಗಿದಿತ್ತು.”

“ರಿಜಿಸ್ಟರಲ್ಲಿ ಬರೆದಿದ್ದೀಯಾ?”

“ಇಲ್ಲ.”

“ಮರೆತ್ಯಾ?”

ಮರೆತೆ ಅನ್ನಬಹುದಿತ್ತು. ವಯಸ್ಸಿನ ಮೇಲೆ ಹಾಕಿ ಪಾರಾಗಬಹುದಿತ್ತು. “ಮರೆತಿದ್ದಲ್ಲ. ಬರೆದ್ರೆ ನೀನು ನೋಡ್ತೀಯ, ನೋಡಿದ್ರೆ ಬೇಡ ಅಂತೀಯ, ಅದಕ್ಕೇ ಬರೀಲಿಲ್ಲ.”

ಅವಳು ಬಳೆಯನ್ನು ಮತ್ತೆ ಅರ್ಜಿಯ ಪಕ್ಕದಲ್ಲಿಟ್ಟಳು. ಹೊರಗೆ ತೋಟದ ಕೆಲಸದವರು ಪೈಪು ಎಳೆಯುತ್ತಿದ್ದರು. ಆಮೇಲೆ ಕೇಳಿದಳು: “ಬೇರೆಯವರ ಚೀಲ ಆಗಿದ್ರೆ ಏನ್ ಮಾಡ್ತಿದ್ದೆ, ಮಾಮ?”

“ಬೀಗ ಹಾಕ್ಕೊಂಡು ಮನೆಗೆ ಹೋಗ್ತಿದ್ದೆ. ಮೂರು ವಾರ ಕಾಯಲಿ ಅಂತ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಅಳಲೂ ಇಲ್ಲ. ಅರ್ಜಿಯ ಕಟ್ಟನ್ನು ಎತ್ತಿ ಬೀರುವಿನೊಳಗೆ ಇಟ್ಟು ಬೀಗ ತಿರುಗಿಸಿದಳು. “ಹೋಗಿ ರಿಜಿಸ್ಟರಲ್ಲಿ ಬರಿ. ಇವತ್ತಿನ ತಾರೀಖು ಹಾಕಿ ಬರಿ, ಹಿಂದಿನ ಪುಟದಲ್ಲಿ ತುರುಕಬೇಡ” ಎಂದಳು. ಆ ಧ್ವನಿ ಮೇಡಮ್ಮನದಾಗಿತ್ತು. ನಾನು ಹೋಗಿ ಬರೆದೆ. ನಾಲ್ಕು ಸಾಲು ಬರೆಯಲು ಒಂದು ಗಂಟೆ ಬೇಕಾಯಿತು.

ಅರೆಯುವ ಮುಂಚೆ ಪ್ರತಿ ಚೀಲದಿಂದಲೂ ಒಂದಿಷ್ಟು ಕಾಳು ತೆಗೆದಿಡುವುದು ನಮ್ಮ ಪದ್ಧತಿ, ಅದನ್ನೇ ಮಾರನೆಯ ದಿನ ಬಿಳಿ ಬಳೆ ಹಾಕಿ ಮತ್ತೆ ಅರೆದೆ. ಅವಳು ಪಕ್ಕದಲ್ಲೇ ನಿಂತು ನೋಡಿದಳು. ಶುಕ್ರವಾರ ಸಂಜೆಗೆ ಅಂಕಿ ಬಂತು. ದಶಾಂಶ ಆ ಹಾಳೆಯನ್ನು ಯಾವ ತಮಾಷೆಯೂ ಇಲ್ಲದೆ ಮೇಜಿನ ಮೇಲಿಟ್ಟ. ನಲವತ್ತು ದಶಾಂಶ ಒಂದು ಎರಡು. ಅವಳ ವಂಶವಾಹಿ ಕೆಲಸ ಮಾಡಿತ್ತು, ಅದು ಸುಳ್ಳಲ್ಲ. ಆದರೆ ಐವತ್ತಕ್ಕೆ ಹತ್ತು ಕಡಿಮೆ. ಮಿಕ್ಕದ್ದೆಲ್ಲ ನನ್ನ ಬಳೆಯದು.

ಅರ್ಜಿ ಹೋಗಲಿಲ್ಲ. ಪುಟ್ಟಿ ನಿರ್ದೇಶಕರಿಗೆ ಬರೆದುಕೊಟ್ಟ ಪತ್ರದಲ್ಲಿ ‘ಅರೆಯುವ ಹಂತದಲ್ಲಿ ಉಕ್ಕು ಸೇರಿದೆ, ಮೊದಲಿನ ಅಂಕಿ ತಪ್ಪು’ ಎಂದಷ್ಟೇ ಇತ್ತು. ಯಾರು ಎಂದು ಇರಲಿಲ್ಲ. ನಾನೇ ಹೋಗಿ ನಾನು ಎಂದು ಹೇಳಿಬಂದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು, ಒಂದು ಮೆಮೊ ಕೊಟ್ಟರು, “ಸಿಹಿ ಬೇರೆ ತಿನ್ನಿಸಿಬಿಟ್ಟಿರಿ” ಎಂದರು. ಕೇಂದ್ರದಲ್ಲಿ ಸ್ವಲ್ಪ ದಿನ ಚಮಚದ ಗೋಧಿ ಎಂಬ ಮಾತು ಓಡಾಡಿತು. ನನ್ನನ್ನು ಅಂದರೆ ನುಂಗಿಕೊಳ್ಳುತ್ತಿದ್ದೆ. ಪುಟ್ಟಿಗೆ ಕೇಳಿಸುವಂತೆ ಅಂದ ಒಬ್ಬನ ಮಾದರಿಗಳನ್ನು ಮಾತ್ರ ಒಂದು ವಾರ ಸಾಲಿನ ಕೊನೆಗೆ ತಳ್ಳಿದೆ. ಅದು ಸರಿಯಲ್ಲ, ಆದರೂ ತಳ್ಳಿದೆ.

ಮನೆಯಲ್ಲಿ ಅವಳು ನನ್ನೊಂದಿಗೆ ಮಾತು ಬಿಟ್ಟಳು ಅನ್ನುವಂತಿಲ್ಲ. ನೀರು ಬೇಕಾ, ಬಾಗಿಲು ಹಾಕಿದ್ಯಾ, ಹಾಲಿನವನು ಬಂದ್ನಾ, ಇಷ್ಟು ಇತ್ತು. ಮೊದಲು ಊಟವಾದ ಮೇಲೆ ನನ್ನ ಕೋಣೆಯ ಹೊಸ್ತಿಲಲ್ಲಿ ಕೂತು ಆ ದಿನದ ಸಸಿಗಳ ಪುರಾಣ ಹೇಳುತ್ತಿದ್ದಳು, ಅದು ನಿಂತಿತು. ಅಕ್ಕ ಇಬ್ಬರ ಮುಖವನ್ನೂ ನೋಡುತ್ತ, ಮುಖ ಊದಿಸಿಕೊಂಡವರು ಇಬ್ಬರಿದ್ದರೆ ಬಡಿಸುವವಳಿಗೆ ಊಟ ಸೇರುವುದಿಲ್ಲ ಎಂದು ಗೊಣಗುತ್ತಿದ್ದಳು. ಗುಳಿಗೆಯನ್ನು ಮಾತ್ರ ತಪ್ಪಿಸದೆ ನುಂಗಿದಳು. ಆ ತಿಂಗಳುಗಳು ನನಗೆ ಬಹಳ ಕಷ್ಟವಾದವು. ಬೇಗ ನಿವೃತ್ತಿ ಕೇಳಿ ಒಂದು ಪತ್ರವನ್ನೂ ಬರೆದಿಟ್ಟುಕೊಂಡಿದ್ದೆ.

ಅವಳು ಕೈ ಕಟ್ಟಿ ಕೂರುವವಳಲ್ಲ. ಅದೇ ಗೋಧಿಯಲ್ಲಿ ಆ ವಂಶವಾಹಿ ಹೆಚ್ಚು ಬಲವಾಗಿ ಕೆಲಸ ಮಾಡಿದ ಸಸಿಗಳನ್ನು ಹುಡುಕಿ, ಆರಿಸಿ, ಮತ್ತೆ ಬಿತ್ತಿದಳು. ಮತ್ತೆ ನೀರು, ಮತ್ತೆ ಬೇಸಿಗೆ, ಮತ್ತೆ ತೆನೆ. ಗಾಜಿನ ಮನೆಯ ಮುಂದೆ ಹಾದುಹೋಗುವಾಗ ನಾನು ಒಳಗೆ ಇಣುಕದಂತೆ ತಲೆ ತಗ್ಗಿಸಿ ನಡೆಯುತ್ತಿದ್ದೆ. ಈ ಸಲದ ಕಾಳನ್ನು ಬೇರೆ ಊರಿನ ಕೇಂದ್ರಕ್ಕೆ ಕಳಿಸಿ ಅರೆಸುತ್ತಾಳೆ ಎಂದೇ ಅಂದುಕೊಂಡಿದ್ದೆ. ಹಾಗೆ ಮಾಡಿದರೆ ತಪ್ಪೂ ಇರಲಿಲ್ಲ.

ಸುಗ್ಗಿ ಮುಗಿದ ಮೂರನೆಯ ದಿನ ಬೆಳಿಗ್ಗೆ ಹಿಟ್ಟಿನ ಕೋಣೆಯ ಬಾಗಿಲಲ್ಲಿ ಕೈಗಾಡಿಯ ಚಕ್ರದ ಸದ್ದಾಯಿತು. ಪುಟ್ಟಿಯೇ ತಳ್ಳಿಕೊಂಡು ಬಂದಿದ್ದಳು. ಗಾಡಿಯ ಮೇಲೆ ಇಪ್ಪತ್ತನಾಲ್ಕು ಬಿಳಿ ಚೀಲಗಳು. ನಾನು ಅಭ್ಯಾಸಬಲದಿಂದ ಅವಳ ಅಕ್ಷರ ಹುಡುಕಿದೆ. ಇರಲಿಲ್ಲ. ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಚ್ಚು ಹಾಕಿದ ಅಂಕಿ, ಅಷ್ಟೇ.

“ಹೆಸರೆಲ್ಲಿ?” ಎಂದೆ.

“ಇಲ್ಲ. ಸಾದಾದೂ ಇದ್ರಲ್ಲೇ ಇದೆ, ನಂದೂ ಒಂದಿದೆ, ಇನ್ನೂ ಇಬ್ಬರದ್ದಿದೆ. ಯಾವುದು ಯಾರದು ಅಂತ ಬರೆದ ಚೀಟಿ ನಿರ್ದೇಶಕರ ಬೀರುವಿನಲ್ಲಿದೆ. ಪ್ರತಿ ಚೀಲ ಆದ ಮೇಲೂ ಯಂತ್ರ ಬಿಚ್ಚಿ ತೊಳೀಬೇಕು. ಆಗ ಧೂಳಿನ ಭಯ ಇರಲ್ಲ.”

ಇಪ್ಪತ್ತನಾಲ್ಕು ಸಲ ಬಿಚ್ಚುವುದು, ಇಪ್ಪತ್ತನಾಲ್ಕು ಸಲ ತೊಳೆಯುವುದು. ಅದಕ್ಕೆ ನನಗೆ ಬೇಸರವಾಗಲಿಲ್ಲ. ಬೇಸರವಾದದ್ದು ಬೇರೆಯದಕ್ಕೆ. “ನನ್ನ ಮೇಲೆ ನಂಬಿಕೆ ಹೋಯ್ತು ಅನ್ನು” ಎಂದೆ.

ಅವಳು ಗಾಡಿಯ ಹಿಡಿ ಬಿಟ್ಟು ನನ್ನ ಎದುರು ಸ್ಟೂಲ್ ಎಳೆದು ಕೂತಳು. ಎಷ್ಟೋ ತಿಂಗಳ ಮೇಲೆ ಹಾಗೆ ಕೂತದ್ದು.

“ಮಾಮ, ನಿನ್ನ ಕೈ ಮೇಲೆ ನಂಬಿಕೆ ಇಲ್ಲದಿದ್ರೆ ಇದನ್ನ ಇಲ್ಲಿಗೆ ತರ್ತಾನೇ ಇರ್ಲಿಲ್ಲ. ನಾನು ಹೆದರೋದು ನೀನು ನನ್ನ ಮೇಲೆ ಇಟ್ಟಿರೋ ಪ್ರೀತಿಗೆ. ಅದು ಎಲ್ಲಿ ಏನು ಮಾಡುತ್ತೆ ಅಂತ ನಿನಗೇ ಗೊತ್ತಾಗಲ್ಲ.”

ಅವಳು ಎದ್ದು, ಚೀಲಗಳನ್ನು ಒಂದೊಂದಾಗಿ ಇಳಿಸಿಕೊಟ್ಟು ಹೋದಳು.

ಕೆಲಸ ಶುರು ಮಾಡಿದೆ. ಸುಳ್ಳು ಯಾಕೆ, ಮೊದಲ ದಿನ ಅವಳದು ಯಾವುದಿರಬಹುದು ಎಂದು ಕಂಡುಹಿಡಿಯಲು ಸಾಕಷ್ಟು ಹೆಣಗಿದೆ. ಕಾಳಿನ ಬಣ್ಣ ನೋಡಿದೆ, ಅಂಗೈಯಲ್ಲಿ ತೂಗಿದೆ, ಹಿಟ್ಟು ಮೂಸಿದೆ. ಮೂವತ್ತೊಂದು ವರ್ಷದ ಅನುಭವ ಅಲ್ಲಿ ಮೂರು ಕಾಸಿಗೂ ಬರಲಿಲ್ಲ. ನಾಲ್ಕು ಅವಳದಿರಬಹುದು ಅನ್ನಿಸಿ ನಾಲ್ಕರ ಮುಂಚೆ ಯಂತ್ರವನ್ನು ಮೂರು ಸಲ ಒರೆಸಿದೆ. ಐದು ಇದ್ದರೆ ಎಂದು ಐದಕ್ಕೂ ಮೂರು ಸಲ ಒರೆಸಿದೆ. ಹನ್ನೊಂದಕ್ಕೆ ಬರುವ ಹೊತ್ತಿಗೆ ಹುಡುಕಾಟ ತಾನಾಗಿಯೇ ಬಿಟ್ಟುಹೋಗಿತ್ತು. ಯಾವುದೂ ಅವಳದಿರಬಹುದಾದ್ದರಿಂದ ಅಷ್ಟನ್ನೂ ಅವಳದೇ ಎಂಬಂತೆ ಅರೆದೆ. ಹಾಗೆ ಅರೆಯುವುದನ್ನು ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎಂದು ನಾಚಿಕೆಯಾಯಿತು. ಬೇರೆಯವರ ಚೀಲಗಳೂ ಯಾರದೋ ಆರು ವರ್ಷಗಳೇ ಅಲ್ಲವೇ. ಒಂಬತ್ತು ದಿನ ಹಿಡಿಯಿತು. ಹದಿನೆಂಟರ ಹೊತ್ತಿಗೆ ಬಿಳಿ ಬಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಯಂತ್ರ ನಿಲ್ಲಿಸಿ, ರಿಜಿಸ್ಟರಿನಲ್ಲಿ ಬರೆದು, ನಿರ್ದೇಶಕರ ಸಹಿ ಹಾಕಿಸಿ, ಉಗ್ರಾಣದಲ್ಲಿದ್ದ ಇನ್ನೊಂದು ಪಿಂಗಾಣಿ ಬಳೆ ತಂದು ಹಾಕಿದೆ.

ಎರಡು ವಾರ ಕಳೆದು ಒಂದು ಮಧ್ಯಾಹ್ನ ಪುಟ್ಟಿ ಬಂದಳು. ಕೈಯಲ್ಲಿ ಎರಡು ಹಾಳೆ: ಒಂದು ದಶಾಂಶನದು, ಇನ್ನೊಂದು ಬೀರುವಿನ ಚೀಟಿ. ನಾನು ಆಗತಾನೆ ಯಂತ್ರ ತೊಳೆದು ಭಾಗಗಳನ್ನು ಬಟ್ಟೆಯ ಮೇಲೆ ಹರವಿದ್ದೆ. ಅವಳ ಮುಖದಿಂದ ಏನೂ ತಿಳಿಯುವಂತಿರಲಿಲ್ಲ, ಅಕ್ಕನ ಮಗಳಲ್ಲವೇ.

“ನಂದು ಹದಿನೇಳನೇ ಚೀಲ, ಮಾಮ. ನಲವತ್ತೇಳು ದಶಾಂಶ ಮೂರು.”

ಐವತ್ತಕ್ಕೆ ಮೂರು ಕಡಿಮೆ. ಈ ವರ್ಷವೂ ಸಮಿತಿಯ ಬಾಗಿಲು ತಟ್ಟುವ ಹಾಗಿಲ್ಲ. ಏನು ಹೇಳಿ ಸಮಾಧಾನ ಮಾಡಲಿ ಎಂದು ನಾನು ಹುಡುಕುತ್ತಿದ್ದರೆ ಅವಳು ನಗುತ್ತಿದ್ದಳು.

“ಇನ್ನೊಂದು ಸುಗ್ಗಿ ಬೇಕು. ಆಗುತ್ತೆ. ನಲವತ್ತರಿಂದ ನಲವತ್ತೇಳಕ್ಕೆ ಬಂದಿದೆ ಅಂದ್ರೆ ದಾರಿ ಸರಿ ಇದೆ. ಕ್ರೋಮಿಯಂ ಕಾಲಂ ಕೂಡ ನೋಡಿದೆ, ಸೊನ್ನೆ. ಅಮ್ಮನಿಗೆ ಇದನ್ನ ಧೈರ್ಯವಾಗಿ ಹೇಳ್ಬಹುದು.” ಹಾಳೆಯನ್ನು ನನ್ನ ಮುಂದೆ ಹಿಡಿದು, ಹದಿನೇಳರ ಸಾಲಿನ ಮೇಲೆ ಬೆರಳಿಟ್ಟಳು. “ಪೂರ್ತಿ ಗೋಧಿಯದೇ. ಇದ್ರಲ್ಲಿ ನಿಂದೇನೂ ಇಲ್ಲ, ಮಾಮ.”

ಮೂವತ್ತೊಂದು ವರ್ಷದ ಕೆಲಸದಲ್ಲಿ ನನಗೆ ಸರ್ಟಿಫಿಕೇಟು ಅಂತ ಯಾರೂ ಕೊಟ್ಟಿರಲಿಲ್ಲ. ಕಣ್ಣು ತುಂಬಿ ಬಂತು. ಅವಳು ನೋಡಲಿ ಎಂದು ಬಿಟ್ಟೆ.